ಅಡಿಕೆ ಕೊಳೆರೋಗದ ಬಗ್ಗೆ ಓದಬೇಕು ಅಂದ್ರೆ ಯಾವ ಕೋರ್ಸ್? ಸಿಬಿಝಡ್, ಬಯೋಟೆಕ್, ಅಗ್ರಿ ನಡುವೆ ಗೊಂದಲ

ಸಿದ್ದಾಪುರ_ಪಿಸಿಎಂಬಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಮುಗೀತು, ಪಿಸಿಎಂಬಿ. ನೀಟ್ ಬರೆದಿದ್ದೆ, ಸರ್ಕಾರಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ನಾನು ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋಗಲಿ ಅಂತ ಆಯಿಗೆ ಆಸೆ. ಅಪ್ಪಯ್ಯ ಏನು ಬೇಕಾದರೂ ಓದು, ಕೊನೆಗೆ ಒಂದು ಕೆಲಸ ಸಿಗಬೇಕು ಅಂತಾರೆ. ನನಗೆ ಡಾಕ್ಟರ್ ಆಗುವ ಆಸೆ ಮೊದಲಿಂದಲೂ ಇಲ್ಲ. ಬಯಾಲಜಿ ಇಷ್ಟ. ನಮ್ಮ ಕಡೆ ಬಯಾಲಜಿ ಇಷ್ಟ ಅಂದ್ರೆ ನೀಟ್ ಬರಿ ಅಂತಾರೆ, ಬರೆದೆ.

ನಮ್ಮದು ಅಡಿಕೆ ತೋಟ. ಹೋದ ಮಳೆಗಾಲ ಕೊಳೆರೋಗ ಜೋರಾಗಿತ್ತು. ಉದುರಿದ ಕಾಯಿ ಮೇಲೆ ಬಿಳಿ ಬೂಸ್ಟು ಬರುತ್ತಲ್ವಾ, ಅದನ್ನು ಸ್ವಲ್ಪ ಕೆರೆದು ಕಾಲೇಜಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದೆ. ದಾರದಂಥ ಎಳೆಗಳು ಕಂಡವು, ಎಳೆಯ ತುದಿಯಲ್ಲಿ ಸಣ್ಣ ಸಣ್ಣ ಉಂಡೆ. ಅದೇನು, ಮಳೆ ನಿಂತ ಮೇಲೆ ಎಲ್ಲಿಗೆ ಹೋಗುತ್ತೆ, ಮರುವರ್ಷ ಹೇಗೆ ವಾಪಸ್ ಬರುತ್ತೆ ಅಂತ ತಿಳಿದುಕೊಳ್ಳಬೇಕು ಅನ್ನಿಸ್ತು. ಇಂಥದ್ದನ್ನು ಓದೋಕೆ ಯಾವ ಕೋರ್ಸ್ ಸೇರಬೇಕು?

ಸಿಇಟಿ ಬರೆದಿದ್ದೇನೆ. ಕೃಷಿಕ ಕೋಟಾದ ಪ್ರಾಯೋಗಿಕ ಪರೀಕ್ಷೆಯೂ ಆಗಿದೆ. ನೆಂಟರೊಬ್ಬರು ಬೆಂಗಳೂರಿನಲ್ಲಿ ಬಯೋಟೆಕ್ ಮಾಡಿಸಿ ಅಂತಿದ್ದಾರೆ. ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ ಇರುವ ಬಿ.ಎಸ್ಸಿ.) ಇದೆ, ಆದರೆ "ಬಾಟನಿ, ಝೂಆಲಜಿ ಈಗ ಯಾರು ಓದ್ತಾರೆ" ಅಂತ ಎಲ್ಲರೂ ಕೇಳ್ತಾರೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಅಗ್ರಿ_ಶಿವಮೊಗ್ಗ:

ತಂಗಿ, ನೀನು ಬರೆದಿದ್ದನ್ನು ಓದಿದರೆ ಸೀದಾ ಬಿ.ಎಸ್ಸಿ. ಅಗ್ರಿ. ನಾಲ್ಕು ವರ್ಷದ ಕೋರ್ಸ್. ಸಸ್ಯರೋಗಶಾಸ್ತ್ರ, ಕೀಟಶಾಸ್ತ್ರ, ಮಣ್ಣು, ಬೇಸಾಯ, ತಳಿ ಅಭಿವೃದ್ಧಿ ಎಲ್ಲ ಓದಿಸುತ್ತಾರೆ. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು, ನಾವು ಅದನ್ನು 'ರಾವೆ' ಅಂತೀವಿ. ನಿನ್ನಂಥವರಿಗೆ ಅದು ಸುಲಭ, ತೋಟದ ಕೆಲಸ ನೋಡಿಕೊಂಡೇ ಬೆಳೆದಿರ್ತೀಯ. ಕೆಲಸದ ವಿಷಯಕ್ಕೆ ಬಂದರೆ ಕೃಷಿ ಇಲಾಖೆಯ ಕೃಷಿ ಅಧಿಕಾರಿ, ಬ್ಯಾಂಕುಗಳ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್, ಬೀಜ ಗೊಬ್ಬರದ ಕಂಪನಿಗಳು, ಹೀಗೆ ಇದೆ. ಅಪ್ಪಯ್ಯನಿಗೆ ಇಷ್ಟು ಹೇಳು, ಸಾಕು.

ಬಾಟನಿ_ಮೇಷ್ಟ್ರಮ್ಮ:

ಪುಟ್ಟಿ, ನಿನ್ನ ಪ್ರಶ್ನೆ ಓದಿ ಬಹಳ ಖುಷಿ ಆಯ್ತು. ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಓದಿದ್ದು ಸಿಬಿಝಡ್, ಆಮೇಲೆ ಎಂ.ಎಸ್ಸಿ. ಬಾಟನಿ. ಪ್ರತಿ ವರ್ಷ ಅಡ್ಮಿಷನ್ ಸಮಯದಲ್ಲಿ "ಯಾವ ಕೋರ್ಸಿಗೆ ಸ್ಕೋಪ್ ಇದೆ ಮೇಡಂ" ಅಂತ ಕೇಳುವವರೇ ಎಲ್ಲ. ತಾನು ಏನು ನೋಡಿದೆ, ಅದರಲ್ಲಿ ಏನು ತಿಳಿಯಬೇಕು ಅಂತ ಹೇಳಿ ಆಮೇಲೆ ಕೋರ್ಸ್ ಕೇಳುವವರು ಕಡಿಮೆ. ನೀನು ಕೇಳಿದ ರೀತಿಯೇ ಸರಿ. ಅದಕ್ಕೆ ವಿವರವಾಗಿ ಬರೆಯುತ್ತೇನೆ.

ಮೊದಲು ನೀನು ನೋಡಿದ್ದು ಏನು ಅಂತ ಹೇಳ್ತೀನಿ. ಅದು ಫೈಟಾಫ್ತೊರಾ. ಎಳೆಗಳನ್ನು ನೋಡಿದರೆ ಶಿಲೀಂಧ್ರ ಅನ್ನಿಸುತ್ತೆ, ಹಳೆಯ ವರ್ಗೀಕರಣದಲ್ಲಿ ಅಲ್ಲೇ ಇಟ್ಟಿದ್ದರು. ಪ್ರಥಮ ಪಿಯುನಲ್ಲಿ ಆಲ್ಬುಗೋ ಅಂತ ಓದಿರ್ತೀಯ, ಅದರ ಬಳಗವೇ ಇದು. ಈಗ ಇವನ್ನು ಊಮೈಸೀಟ್ಸ್ ಅಂತ ಬೇರೆಯೇ ಗುಂಪು ಮಾಡಿದ್ದಾರೆ. ಇವುಗಳ ಕೋಶಭಿತ್ತಿಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್ ಥರದ್ದು, ನಿಜವಾದ ಶಿಲೀಂಧ್ರದಲ್ಲಿ ಕೈಟಿನ್. ಸಂಬಂಧ ನೋಡಿದರೆ ಅಣಬೆಗಿಂತ ಕಂದು ಪಾಚಿಗೆ ಹತ್ತಿರ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ದೊಡ್ಡ ಕ್ಷಾಮ ಬಂತಲ್ಲ, ಅದೂ ಇದೇ ಜಾತಿಯ ಇನ್ನೊಂದು ಪ್ರಭೇದದಿಂದ.

ಹೆಸರಿನ ಪಟ್ಟಿ ಬಾಯಿಪಾಠ ಮಾಡಿಸೋಕೆ ಇದನ್ನು ಹೇಳ್ತಿಲ್ಲ. ಇದು ರೈತರ ಜೇಬಿನ ವಿಷಯ. ಕಾರ್ಬೆಂಡಾಜಿಮ್ ಅಂತ ಒಂದು ಶಿಲೀಂಧ್ರನಾಶಕ ಇದೆ. ಅದು ಎಷ್ಟೋ ಶಿಲೀಂಧ್ರಕ್ಕೆ ಕೆಲಸ ಮಾಡುತ್ತೆ, ಕೊಳೆರೋಗಕ್ಕೆ ಮಾಡಲ್ಲ. ಮೆಟಲಾಕ್ಸಿಲ್ ಕೊಳೆರೋಗಕ್ಕೆ ಕೆಲಸ ಮಾಡುತ್ತೆ, ಈಗ ಮಲೆನಾಡಲ್ಲಿ ಎಲ್ಲರನ್ನೂ ಕಾಡುತ್ತಿರುವ ಎಲೆಚುಕ್ಕಿ ರೋಗಕ್ಕೆ ಮಾಡಲ್ಲ. ಯಾಕೆಂದರೆ ಎಲೆಚುಕ್ಕಿಯ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ. ಯಾವ ಜೀವಿ ಯಾವ ಗುಂಪಿನದು ಅಂತ ಬಾಟನಿಯವರು ಕೂತು ವಿಂಗಡಿಸಿದ್ದಕ್ಕೆ ಇಷ್ಟು ಬೆಲೆ ಇದೆ. "ಬಾಟನಿ ಈಗ ಯಾರು ಓದ್ತಾರೆ" ಅನ್ನುವವರಿಗೆ ಇದನ್ನೇ ಹೇಳು.

ಮುಂದಿನ ಸಲ ಒಂದು ಕೆಲಸ ಮಾಡು. ಹೊಸದಾಗಿ ಉದುರಿದ, ತೊಟ್ಟಿನ ಹತ್ತಿರ ನೀರು ತುಂಬಿದ ಹಾಗೆ ಕಡುಹಸಿರು ಕಲೆ ಇರುವ ಕಾಯಿ ತಗೋ. ಪೂರ್ತಿ ಕೊಳೆತದ್ದು ಬೇಡ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ ಕಾಯಿ ಇಟ್ಟು ಮುಚ್ಚು. ಒಂದೆರಡು ದಿನದಲ್ಲಿ ಬಿಳಿ ಬೂಸ್ಟು ಬರುತ್ತೆ. ಸ್ಲೈಡ್ ಮೇಲೆ ಫ್ರಿಜ್ಜಿನ ತಣ್ಣನೆ ನೀರು ಒಂದು ಹನಿ ಹಾಕಿ, ಸೂಜಿಯಿಂದ ಸ್ವಲ್ಪವೇ ಬೂಸ್ಟು ಅದರಲ್ಲಿ ಬಿಡು. ನೀನು ಉಂಡೆ ಅಂದೆಯಲ್ಲ, ಅವು ಬೀಜಕಚೀಲಗಳು. ಸರಿಯಾಗಿ ನೋಡಿದರೆ ನಿಂಬೆಹಣ್ಣಿನ ಆಕಾರ, ತುದಿಯಲ್ಲಿ ಸಣ್ಣ ಉಬ್ಬು. ಹನಿ ಆರದ ಹಾಗೆ ನೋಡಿಕೊಂಡು ಅರ್ಧ ಗಂಟೆ ಕಾಯಿ. ಒಳಗಿನದು ಮೊದಲು ತುಂಡು ತುಂಡಾಗುತ್ತೆ, ಆಮೇಲೆ ಮಿಸುಕಾಡೋಕೆ ಶುರುವಾಗುತ್ತೆ. ನೋಡ್ತಾ ಇದ್ದ ಹಾಗೇ ತುದಿ ಬಿಚ್ಚಿಕೊಂಡು ಚಲಬೀಜಕಗಳು (ಈಜಬಲ್ಲ ಬೀಜಕಗಳು) ಒಂದರ ಹಿಂದೆ ಒಂದು ಹೊರಗೆ ಬಂದು ಈಜುತ್ತಾ ಹೋಗುತ್ತವೆ. ಪ್ರತಿಯೊಂದಕ್ಕೂ ಎರಡು ಕಶಾಂಗ, ಅಂದ್ರೆ ಈಜೋಕೆ ಇರುವ ಬಾಲದಂಥ ಎಳೆ. 40 ಎಕ್ಸ್ ಲೆನ್ಸ್ ಸಾಕು. ಕಶಾಂಗ ಕಾಣದಿದ್ದರೂ ಓಡಾಟ ಚೆನ್ನಾಗಿ ಕಾಣುತ್ತೆ. ಒಂದೇ ಸಲಕ್ಕೆ ಆಗದಿದ್ದರೆ ಬೇರೆ ಕಾಯಿ ತಗೊಂಡು ಮತ್ತೆ ಮಾಡು. ಬಿಡದೆ ಸುರಿಯುವ ಮಳೆ, ತಂಪು ಹವೆ ಸೇರಿದಾಗಲೇ ಈ ರೋಗ ಯಾಕೆ ಹಬ್ಬುತ್ತೆ ಅಂತ ಆ ಒಂದು ಹನಿಯಲ್ಲೇ ಗೊತ್ತಾಗುತ್ತೆ. ಅದಕ್ಕೆ ಈಜೋಕೆ ನೀರು ಬೇಕು.

ಈಗ ಕೋರ್ಸಿನ ವಿಷಯ. ಕೊಳೆರೋಗ ಒಂದೇ, ಅದನ್ನು ಓದುವ ವಿಭಾಗ ಹಲವು. ಇದು ಯಾವ ಜೀವಿ, ಇದರ ಬಳಗ ಯಾವುದು, ಜೀವನಚಕ್ರ ಹೇಗೆ ಅನ್ನೋದೇ ನಿನ್ನನ್ನು ಹಿಡಿದು ಕೂರಿಸುತ್ತೆ ಅಂದ್ರೆ ಬಾಟನಿ, ಇಲ್ಲವೇ ಮೈಕ್ರೋಬಯಾಲಜಿ. ಯಾವಾಗ ಮದ್ದು ಹೊಡೆಯಬೇಕು, ಮಳೆ ತಾಗದ ಹಾಗೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿದರೆ ಎಷ್ಟು ಉಳಿಯುತ್ತೆ, ಯಾವ ತಳಿ ತಡೆದುಕೊಳ್ಳುತ್ತೆ ಅನ್ನೋದು ಮುಖ್ಯ ಅಂದ್ರೆ ಅಗ್ರಿಯ ಸಸ್ಯರೋಗಶಾಸ್ತ್ರ. ಕಾಯಿಯ ಒಳಗೆ ಅದು ಹೇಗೆ ನುಗ್ಗುತ್ತೆ, ಯಾವ ಜೀನ್ ಅದಕ್ಕೆ ದಾರಿ ಮಾಡಿಕೊಡುತ್ತೆ ಅಂದ್ರೆ ಮಾಲಿಕ್ಯುಲರ್ ಬಯಾಲಜಿ, ಬಯೋಟೆಕ್. ಮೂರೂ ಒಳ್ಳೆಯವೇ. ಆದರೆ ಮೂರರಲ್ಲೂ ದಿನ ಕಳೆಯುವ ಜಾಗ ಬೇರೆ. ಒಬ್ಬರು ಮೈಕ್ರೋಸ್ಕೋಪ್ ಮುಂದೆ, ಒಬ್ಬರು ಮಳೆಯಲ್ಲಿ ತೋಟದಲ್ಲಿ, ಒಬ್ಬರು ಎಸಿ ಲ್ಯಾಬಿನಲ್ಲಿ ಪಿಪೆಟ್ ಹಿಡಿದು. ನಿನಗೆ ಎಲ್ಲಿ ಕೂತರೆ ಹೊತ್ತು ಹೋಗಿದ್ದು ಗೊತ್ತಾಗಲ್ಲ ಅಂತ ನಿನ್ನನ್ನೇ ಕೇಳಿಕೋ.

ಈ ವಿಭಾಗಗಳ ನಡುವೆ ಗೋಡೆ ಇಲ್ಲ ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಶಿಲೀಂಧ್ರ, ಕೀಟ ಎರಡೂ ಅವರ ಕೆಲಸವೇ ಆಗಿತ್ತು. ಮಲೆನಾಡಿನ ಕೊಳೆರೋಗದ ಜೀವಿಯನ್ನು ವಿವರವಾಗಿ ಅಧ್ಯಯನ ಮಾಡಿದವರೂ ಅವರೇ, ಬೋರ್ಡೋ ದ್ರಾವಣ ಹೊಡೆಯುವುದನ್ನು ರೈತರಿಗೆ ಕಲಿಸಿದವರೂ ಅವರೇ. ನಿಮ್ಮ ಮನೆಯಲ್ಲಿ ಈಗಲೂ ಮಳೆಗಾಲ ಬಂದರೆ ಮೈಲುತುತ್ತ, ಸುಣ್ಣ ಒಂದೊಂದು ಕೆಜಿ ತಗೊಂಡು 100 ಲೀಟರ್ ನೀರಿಗೆ ಕಲಸ್ತಾರಲ್ವಾ? ನೂರು ವರ್ಷ ದಾಟಿದರೂ ಆ ಮದ್ದು ನಿಂತಿದೆ.

ಇನ್ನು ಯಾರೂ ಮೊದಲೇ ಹೇಳದ, ಆದರೆ ನಿನಗೆ ಈಗಲೇ ಗೊತ್ತಿರಬೇಕಾದ ವಿಷಯ. ಅಗ್ರಿ ಓದಿದವರು ಮುಂದೆ ಜೀವವಿಜ್ಞಾನದ ಕಡೆ ಬರಬಹುದು. ಸಿಬಿಝಡ್ ಓದಿ ಕೃಷಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಸಸ್ಯರೋಗಶಾಸ್ತ್ರಕ್ಕೆ ಹೋಗೋದು ಕಷ್ಟ, ಸಾಮಾನ್ಯವಾಗಿ ಅಲ್ಲಿ ಅಗ್ರಿ ಅಥವಾ ಹಾರ್ಟಿಕಲ್ಚರ್ ಪದವಿಯನ್ನೇ ಕೇಳ್ತಾರೆ. ಹಾಗಾಗಿ ತೋಟದ ರೋಗವೇ ನಿನ್ನ ದಾರಿ ಅಂತ ಗಟ್ಟಿ ಆದರೆ ಅಗ್ರಿ ಸೀಟನ್ನು ಬಿಡಬೇಡ. ಪಾಠ ಮಾಡುವ ಆಸೆ ಇದ್ದರೆ ಸಿಬಿಝಡ್ ಒಳ್ಳೆಯದು. ಬಿ.ಎಡ್. ಮಾಡಿ ಹೈಸ್ಕೂಲಿಗೆ ಹೋಗಬಹುದು. ಡಿಗ್ರಿ ಕಾಲೇಜಿನಲ್ಲಿ ಬಾಟನಿ, ಝೂಆಲಜಿ ಬೇರೆ ಬೇರೆ ಹುದ್ದೆ. ಅಧಿಸೂಚನೆಯಲ್ಲಿ ಪದವಿಯ ಹೆಸರು ಏನಿದೆ ಅನ್ನೋದೇ ಅಲ್ಲಿ ಕೊನೆಯ ಮಾತು. ಚಂದದ ಹೆಸರಿನ ಹೊಸ ಕೋರ್ಸುಗಳಿಗೆ ಸೇರುವ ಮುಂಚೆ ಹಳೆಯ ಅಧಿಸೂಚನೆ ಒಂದೆರಡು ತೆಗೆದು ಓದಿ ನೋಡಬೇಕು. ಓದಿ ಮುಗಿಸಿದ ಮೇಲೆ "ನಿಮ್ಮ ವಿಷಯ ಪಟ್ಟಿಯಲ್ಲಿ ಇಲ್ಲ" ಅಂತ ಅನ್ನಿಸಿಕೊಂಡು ಬಂದ ಮಕ್ಕಳನ್ನು ನೋಡಿದರೆ ನನಗೆ ಸಂಕಟ ಆಗುತ್ತೆ.

ಸಿಬಿಝಡ್ ಸೇರೋದಾದರೆ ಕಾಲೇಜಿನ ಲ್ಯಾಬ್ ನೋಡದೆ ಫೀ ಕಟ್ಟಬೇಡ. ಪ್ರಾಕ್ಟಿಕಲ್ ನಡೆಯುವ ಮಧ್ಯಾಹ್ನ ಹೋಗಿ ಬಾಗಿಲಲ್ಲಿ ನಿಂತು ನೋಡು. ಮೈಕ್ರೋಸ್ಕೋಪ್ ಮಕ್ಕಳ ಕೈಯಲ್ಲಿ ಇದೆಯೋ, ಬೀರುವಿನಲ್ಲಿ ಇದೆಯೋ? ಗಿಡ ಒಣಗಿಸಿ ಅಂಟಿಸಿಡುವ ಹರ್ಬೇರಿಯಂ ಹಾಳೆಗಳಲ್ಲಿ ಈಚಿನ ವರ್ಷದ ಗಿಡ ಇದೆಯಾ? ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗ್ತಾರಾ? ಕಟ್ಟಡ ಚಿಕ್ಕದಿದ್ದರೂ ಪರವಾಗಿಲ್ಲ, ಇವು ಇದ್ದರೆ ಸೇರು.

ಒಂದು ಸಣ್ಣ ಮಾಹಿತಿ: ನಾಲ್ಕು ವರ್ಷದ ಆನರ್ಸ್ ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದಿತ್ತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಯೇ. ಹಳೆಯ ಬ್ಯಾಚಿನವರ ಮಾತು ಕೇಳಿ ಗೊಂದಲ ಮಾಡಿಕೊಳ್ಳಬೇಡ.

ಸಿದ್ದಾಪುರ_ಪಿಸಿಎಂಬಿ:

ಮೇಡಂ, ತುಂಬಾ ಧನ್ಯವಾದ. ಇದನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಕಾರ್ಬೆಂಡಾಜಿಮ್ ವಿಷಯ ಬಂದಾಗ "ಇನ್ನೊಂದು ಸಲ ಓದು" ಅಂದ್ರು. ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡರಿಗೂ ಹೇಳ್ತಾರಂತೆ.

ಬಯೋಟೆಕ್ ಬಗ್ಗೆ ಯಾರಾದರೂ ಹೇಳ್ತೀರಾ? ನೆಂಟರು ಬಿಡ್ತಾ ಇಲ್ಲ. ಮತ್ತೆ ಐಐಎಸ್ಸಿ, ಐಸರ್ ಅಂತ ಕೇಂದ್ರದ ವಿಜ್ಞಾನ ಸಂಸ್ಥೆಗಳ ಹೆಸರು ಕೇಳಿದ್ದೇನೆ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಓದಿದವರಿಗೆ ಅಲ್ಲಿ ಆಗುತ್ತಾ?

ಕ್ಯೂಸಿ_ಬೊಮ್ಮಸಂದ್ರ:

ನಾನು ಬಯೋಟೆಕ್‌ನಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿ ಈಗ ಬೆಂಗಳೂರಿನ ಔಷಧಿ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಇದ್ದೇನೆ. ನನ್ನ ದಿನ ಹೇಗಿರುತ್ತೆ ಅಂತ ಹೇಳ್ತೀನಿ, ನೀವೇ ನಿರ್ಧಾರ ಮಾಡಿ. ಬೆಳಿಗ್ಗೆ ಹೋದ ತಕ್ಷಣ ಗೌನು, ತಲೆಗೆ ಕ್ಯಾಪು, ಗ್ಲೌಸು. ಬ್ಯಾಚಿನ ಸ್ಯಾಂಪಲ್ ಬರುತ್ತೆ. ಔಷಧಿಯ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಓಡಿಸಬೇಕು, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇದೆಯಾ ನೋಡಬೇಕು. ಹೇಗೆ ಮಾಡಬೇಕು ಅಂತ ಬರೆದಿಟ್ಟಿರುತ್ತೆ, ಅದರಲ್ಲಿ ಒಂದು ಹೆಜ್ಜೆಯೂ ಆಚೀಚೆ ಆಗುವಂತಿಲ್ಲ. ಮಾಡಿದ್ದನ್ನೆಲ್ಲ ಆಗಿಂದಾಗಲೇ ಬರೆದು ಸಹಿ ಹಾಕಬೇಕು. ನನಗೆ ಇದು ಇಷ್ಟ. ನಾನು ಪಾಸ್ ಮಾಡಿದ ಇಂಜೆಕ್ಷನ್ ಯಾರದೋ ಮೈಗೆ ಹೋಗುತ್ತೆ ಅನ್ನೋ ಎಚ್ಚರ ಸದಾ ಇರುತ್ತೆ. ಆದರೆ ಹೊಸದು ಹುಡುಕುವ ಕೆಲಸ ಇದರಲ್ಲಿ ಇಲ್ಲ. ಅದು ಬೇಕು ಅಂದ್ರೆ ಪಿಎಚ್.ಡಿ. ಕಡೆ ಹೋಗಬೇಕು.

ಬರೀ ಬಿ.ಎಸ್ಸಿ. ಬಯೋಟೆಕ್ ಮಾಡಿ ನಿಂತರೆ ಒಳ್ಳೆ ಕೆಲಸ ಸಿಗೋದು ಕಷ್ಟ, ಎಂ.ಎಸ್ಸಿ. ಬೇಕೇ ಬೇಕು. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆಯ ನೆರವಿರುವ ಎಂ.ಎಸ್ಸಿ.ಗಳಿಗೆ ಗ್ಯಾಟ್-ಬಿ ಅಂತ ಪರೀಕ್ಷೆ ಇದೆ, ಸೀಟು ಸಿಕ್ಕವರಿಗೆ ಸ್ಟೈಪೆಂಡೂ ಬರುತ್ತೆ. ಸಿಬಿಝಡ್, ಅಗ್ರಿ ಮಾಡಿದವರೂ ಅದನ್ನು ಬರೆಯಬಹುದು. ಅಂದ್ರೆ ಬಯೋಟೆಕ್ ಬೇಕು ಅಂತ ಈಗಲೇ ಬಯೋಟೆಕ್‌ಗೆ ಸೇರಬೇಕಾಗಿಲ್ಲ. ಬಿ.ಇ. ಬಯೋಟೆಕ್ ಬೇರೆ, ಅದು ಎಂಜಿನಿಯರಿಂಗ್, ಗಣಿತ ಜಾಸ್ತಿ. ಎರಡನ್ನೂ ಒಂದೇ ಅಂದುಕೊಂಡು ಸೇರಿ ಕಷ್ಟಪಟ್ಟವರು ನನ್ನ ಕ್ಲಾಸಿನಲ್ಲೇ ಇದ್ದರು.

ನೆಂಟರಿಗೆ ಇದನ್ನು ಹೇಳಿ: ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್-ಶಾ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ್ದು ಝೂಆಲಜಿ. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆ ಕಲಿತರು. 1978ರಲ್ಲಿ ಕಂಪನಿ ಶುರು ಮಾಡಿದಾಗ ಪರಂಗಿ ಕಾಯಿಯಿಂದ ತೆಗೆಯುವ ಪಪೈನ್ ಕಿಣ್ವ ಮಾಡುತ್ತಿದ್ದರು.

ಶಿರಸಿ_ಫಾರೆಸ್ಟ್ರಿ:

ಸಿದ್ದಾಪುರದವರು ಅಂದಮೇಲೆ ಶಿರಸಿಯ ಅರಣ್ಯ ಕಾಲೇಜನ್ನು ಯಾಕೆ ಮರೆತಿದ್ದೀರಿ? ಅದೂ ಸಿಇಟಿ ಮೂಲಕವೇ, ನಾಲ್ಕು ವರ್ಷ. ಕೊಡಗಿನ ಪೊನ್ನಂಪೇಟೆಯಲ್ಲೂ ಇದೆ. ನಿಮ್ಮ ತಾಲೂಕಿನ ಕತ್ತಲೆಕಾನಿನಲ್ಲೇ ರಾಮಪತ್ರೆ ಜಡ್ಡಿ ಇದೆ, ವರ್ಷವಿಡೀ ನೀರು ನಿಲ್ಲುವ ಕಾಡು. ಆ ಭಾಗದಲ್ಲಿ ಕುಂಬಾರ ಕಪ್ಪೆ ಸಿಕ್ಕಿದ್ದು ಗೊತ್ತಾ? 2014ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ಟರು. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತೆ. ಮನೆ ಹತ್ತಿರವೇ ಇಷ್ಟು ಇದೆ, ಬಯಾಲಜಿಗೆ ಬೆಂಗಳೂರೇ ಬೇಕು ಅಂತಿಲ್ಲ. ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಆಸೆ ಇದ್ದರೆ ಅದಕ್ಕೆ ಫಾರೆಸ್ಟ್ರಿ, ಅಗ್ರಿ, ಬಾಟನಿ, ಝೂಆಲಜಿ ಯಾವುದಾದರೂ ಆಗುತ್ತೆ.

ಬಾಟನಿ_ಮೇಷ್ಟ್ರಮ್ಮ:

ಐಸರ್ ಬಗ್ಗೆ ಕೇಳಿದ್ದೆಯಲ್ಲ. ದೇಶದಲ್ಲಿ ಏಳು ಇವೆ, ನಮಗೆ ಹತ್ತಿರದವು ತಿರುಪತಿ, ಪುಣೆ, ತಿರುವನಂತಪುರ. ಐದು ವರ್ಷದ ಬಿಎಸ್-ಎಂಎಸ್. ಪ್ರವೇಶ ಪರೀಕ್ಷೆಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕರಿಂದಲೂ ತಲಾ 15 ಪ್ರಶ್ನೆ ಬರುತ್ತೆ. ಜೀವಶಾಸ್ತ್ರ ಇಷ್ಟ ಅಂತ ಗಣಿತ ಬಿಟ್ಟವರಿಗೆ ಇಲ್ಲಿ ಕಷ್ಟ. ನೀನು ಪಿಸಿಎಂಬಿ ತಗೊಂಡಿದ್ದು ಒಳ್ಳೆಯದಾಯ್ತು. ಐಐಎಸ್ಸಿಯ ನಾಲ್ಕು ವರ್ಷದ ಬಿಎಸ್‌ಗೂ ಗಣಿತ ಬೇಕು.

ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡ. ಮೊದಲ ವರ್ಷ ಇಂಗ್ಲಿಷ್ ಪುಸ್ತಕ ನಿಧಾನಕ್ಕೆ ಓದಬೇಕಾಗುತ್ತೆ, ತರಗತಿಯಲ್ಲಿ ಬಾಯಿ ಬಿಡೋಕೆ ಸಂಕೋಚ ಆಗುತ್ತೆ. ಅದು ಕಳೆಯುತ್ತೆ. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಮೊದಲ ಸೆಮಿಸ್ಟರಿನಲ್ಲಿ ಕನ್ನಡದಲ್ಲೇ ನೋಟ್ಸ್ ಬರೆದುಕೊಳ್ಳುತ್ತಿದ್ದಳು, ಆಮೇಲೆ ಇಂಗ್ಲಿಷಿಗೆ ಬದಲಿಸುತ್ತಿದ್ದಳು. ಈಗ ಪಿಎಚ್.ಡಿ. ಮಾಡುತ್ತಿದ್ದಾಳೆ. ಈ ವರ್ಷ ಆಗದಿದ್ದರೂ ಡಿಗ್ರಿ ಮುಗಿಸಿ ಐಐಎಸ್ಸಿ, ಎನ್‌ಸಿಬಿಎಸ್ (ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ) ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಪ್ರಯತ್ನ ಮಾಡಬಹುದು. ಎಂ.ಎಸ್ಸಿ. ಆದ ಮೇಲೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, 2023ರಿಂದ ಅಷ್ಟಾಗಿದೆ. ಓದುತ್ತಲೇ ಸಂಬಳದ ಹಾಗೆ ಬರುತ್ತೆ ಅಂತ ಅಪ್ಪಯ್ಯನಿಗೆ ತಿಳಿಸು. ಸಂಶೋಧನೆ ಅಂದ್ರೆ ದುಡ್ಡಿದ್ದವರಿಗೆ ಮಾತ್ರ ಅಂತ ನಮ್ಮ ಕಡೆ ಎಷ್ಟೋ ಜನ ನಂಬಿದ್ದಾರೆ.

ಆಯಿಗೂ ಒಂದು ಮಾತು. ಡಾಕ್ಟರ್ ಆಗುವ ಆಸೆ ಇರುವ ಮಗು ಇನ್ನೊಂದು ವರ್ಷ ಓದಲಿ, ತಪ್ಪೇನಿಲ್ಲ. ಆಸೆ ಇಲ್ಲದ ಮಗುವನ್ನು ವರ್ಷವಿಡೀ ಕೋಚಿಂಗ್ ರೂಮಿನಲ್ಲಿ ಕೂರಿಸಬೇಡಿ. ಇರುವ ವಿಷಯದ ಮೇಲಿನ ಪ್ರೀತಿಯೂ ಹೋಗಿಬಿಡುತ್ತೆ.

ಸಿದ್ದಾಪುರ_ಪಿಸಿಎಂಬಿ:

ಆಯಿ ಇದನ್ನು ತಾನೇ ಓದಿದಳು. ಏನೂ ಹೇಳಲಿಲ್ಲ, ಆದರೆ ಕೋಚಿಂಗ್‌ನವರ ಫೋನಿಗೆ "ಆಮೇಲೆ ಹೇಳ್ತೀವಿ" ಅಂದಿದ್ದಾಳೆ. ನನಗೆ ಅಗ್ರಿ ಮೊದಲು, ಅದು ಸಿಗದಿದ್ದರೆ ಸಿಬಿಝಡ್ ಅನ್ನಿಸುತ್ತಿದೆ. ಅಣ್ಣ, ಆಪ್ಷನ್ ಎಂಟ್ರಿಯಲ್ಲಿ ಹೇಗೆ ಹಾಕಬೇಕು? ನನ್ನ ರ‍್ಯಾಂಕಿಗೆ ಸಿಗುವುದನ್ನೇ ಮೇಲೆ ಹಾಕಬೇಕಾ?

ಅಗ್ರಿ_ಶಿವಮೊಗ್ಗ:

ಬೇಡ ತಂಗಿ. ಸಿಗುತ್ತೋ ಇಲ್ಲವೋ ಯೋಚನೆ ಮಾಡದೆ, ಇಷ್ಟದ ಕ್ರಮದಲ್ಲೇ ಹಾಕು. ಮೇಲಿನಿಂದ ನೋಡುತ್ತಾ ಬಂದು ನಿನ್ನ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡ್ತಾರೆ. ಮೇಲೆ ಕಷ್ಟದ್ದು ಹಾಕಿದೆ ಅಂತ ಕೆಳಗಿನದು ತಪ್ಪಲ್ಲ. ಕೃಷಿ ವಿಶ್ವವಿದ್ಯಾಲಯಗಳಾದ ಬೆಂಗಳೂರಿನ ಜಿಕೆವಿಕೆ, ಧಾರವಾಡ, ಶಿವಮೊಗ್ಗ, ರಾಯಚೂರು, ಇವುಗಳ ಕೈಕೆಳಗಿನ ಬೇರೆ ಊರಿನ ಕಾಲೇಜುಗಳು, ಎಲ್ಲ ಹಾಕು. ಹಾರ್ಟಿಕಲ್ಚರ್ ಸೇರಿಸೋದು ಮರೆಯಬೇಡ, ಅಡಿಕೆ ತೋಟದ ಬೆಳೆ, ಅಲ್ಲೂ ಸಸ್ಯರೋಗಶಾಸ್ತ್ರ ಇದೆ. ಸೇರೋಕೆ ಮನಸ್ಸಿಲ್ಲದ ಕೋರ್ಸ್ ಒಂದನ್ನೂ ಹಾಕಬೇಡ, ಸಿಕ್ಕರೆ ಪೇಚಾಟ. ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬಂದಾಗ ನೋಡಿಕೊಂಡು ಕ್ರಮ ಬದಲಿಸಬಹುದು. ಸಿಬಿಝಡ್‌ದು ಇದರಲ್ಲಿ ಬರಲ್ಲ. ಅದಕ್ಕೆ ಡಿಗ್ರಿ ಕಾಲೇಜುಗಳ ಪ್ರವೇಶದ ಜಾಲತಾಣ ಯುಯುಸಿಎಂಎಸ್‌ನಲ್ಲಿ ಬೇರೆ ಅರ್ಜಿ, ಕೊನೆ ದಿನ ಬೇಗ ಬರುತ್ತೆ. ಇವತ್ತೇ ಹಾಕಿಟ್ಟುಕೋ.